ಎಡಗಾಲಿನ ಶಬ್ದ

ಕತಾರಿನಲ್ಲಿ ಚಳಿಗಾಲಕ್ಕೆಂದು ಶೂ ಬೇಕು ಅಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಅಮ್ಮ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಮರಳಿನಲ್ಲಿ ಎಂತ ಚಳಿ ಮಾರಾಯ? ಅಲ್ಲಿನ ಒಂಟೆಗಳೂ ಸ್ವೆಟರ್ ಹಾಕ್ತವಾ?" ಹಾಕುತ್ತವೆ ಎಂದು ಒಂಟೆಯ ದನಿಯಲ್ಲೇ ಹೇಳಿದೆ. ಅವಳು ನಕ್ಕು ಫೋನ್ ಇಟ್ಟಳು. ಕಡಲ ಬದಿಯಲ್ಲಿ ಬೆವರುತ್ತಲೇ ಹುಟ್ಟಿ ಬೆವರುತ್ತಲೇ ಬೆಳೆದವನಿಗೆ ಬೆಳಿಗ್ಗೆ ಆರೂವರೆಗೆ ನಾನಿರುವ ನಜ್ಮಾದ ಗಲ್ಲಿಗಳಲ್ಲಿ ಬೀಸುವ ಉತ್ತರದ ಗಾಳಿಯೊಂದೇ ಸಾಕು. ಮೂಗು ತನ್ನಷ್ಟಕ್ಕೆ ಬೇರೆ ಉದ್ಯೋಗ ಹುಡುಕಿಕೊಳ್ಳುತ್ತದೆ ಎಂದು ಅವಳಿಗೆ ಹೇಗೆ ವಿವರಿಸುವುದು.

ಚಳಿಯದ್ದು ಒಂದು ಕಡೆ, ನಡಿಗೆಯದ್ದು ಇನ್ನೊಂದು ಕಡೆ. ಇಲ್ಲಿ ಬೇಸಿಗೆಯಲ್ಲಿ ನಡೆದವನು ಹಪ್ಪಳವಾಗುತ್ತಾನೆ. ಆದ್ದರಿಂದ ನಾವು ನಾಲ್ಕು ಮಂದಿ ಸೇರಿ ಒಬ್ಬರ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದೆವು. ಚಳಿ ಶುರುವಾಗುವ ಹೊತ್ತಿಗೆ ಆ ಕಾರಿನವರಿಗೆ ದೂರದ ಅಲ್ ಶಮಾಲಿನ ಕಡೆ ಕೆಲಸವಾಯಿತು. ಬಸ್ಸು ನಮ್ಮ ಆಫೀಸಿರುವ ಬೀದಿಯನ್ನು ಬಿಟ್ಟು ಉಳಿದ ಎಲ್ಲ ಕಡೆಗೂ ಹೋಗುತ್ತದೆ. ಹೀಗಾಗಿ ದಿನಾ ನಲವತ್ತು ನಿಮಿಷ ನಡಿಗೆ. ಅಗೆದ ರಸ್ತೆ, ಮರಳು, ಮಳೆ ಬಂದರೆ ನಾಲ್ಕು ದಿನ ಆರದ ನೀರು. ಅದನ್ನೆಲ್ಲ ದಾಟಿ ಒಳಗೆ ಕಾಲಿಟ್ಟಾಗ ಮಾತ್ರ ಹೊಳೆಯುವ ಕಪ್ಪು ಶೂ ಇರಬೇಕು. ಆಫೀಸಿನ ನಿಯಮ.

ನನಗೆ ಇನ್ನೊಬ್ಬರ ದನಿ ತೆಗೆಯುವ ಚಾಳಿ. ಲಿಫ್ಟಿನೊಳಗೆ ಮಹಡಿ ಹೇಳುವ ಹೆಂಗಸು, ಫೋನ್ ಎತ್ತುವ ಮೊದಲು ಗಂಟಲು ಸರಿಮಾಡಿಕೊಳ್ಳುವ ನಮ್ಮ ಭಾವ, ಉಬ್ಬಸ ಹಿಡಿದ ನಮ್ಮ ರೂಮಿನ ಏಸಿ, ಯಾರನ್ನೂ ಬಿಟ್ಟವನಲ್ಲ. ನನ್ನನ್ನೂ ಬಿಟ್ಟಿಲ್ಲ. ದೊಡ್ಡವರ ಎದುರು 'ಯೆಸ್ ಸರ್' ಅನ್ನುವಾಗ ನನ್ನ ದನಿ ಮೀನಿನ ಗಾಡಿಯ ಹಾರ್ನಿನಂತೆ ಮೇಲೇರುತ್ತದೆ. ಅದನ್ನೂ ಮಾಡಿ ತೋರಿಸಿ ಜನರನ್ನು ನಗಿಸಿದ್ದೇನೆ. ಮಂಗಳೂರಿನಲ್ಲಿ ಒಂದು ಕೆಲಸ ಹೋದದ್ದು ಇದೇ ಚಾಳಿಯಿಂದ. ಮಾಲಕರ ದನಿಯಲ್ಲಿ ಫೋನ್ ಮಾಡಿ ಇಡೀ ಆಫೀಸಿಗೆ ಅರ್ಧ ದಿನ ರಜೆ ಕೊಟ್ಟಿದ್ದೆ. ಎಲ್ಲರೂ ಸಂತೋಷವಾಗಿ ಮನೆಗೆ ಹೋದರು. ಮರುದಿನ ನಾನೊಬ್ಬನೇ ಖಾಯಂ ಆಗಿ ಹೋದೆ.

ಆಮೇಲೆ ಕತಾರಿನದೇ ಅಲ್ ವಕ್ರಾದಲ್ಲಿ ಅಕ್ಕನ ಜೊತೆ ಸಂಸಾರ ಮಾಡಿಕೊಂಡಿರುವ ಭಾವ ಇಲ್ಲಿ ತನ್ನ ಪರಿಚಯದವರೊಬ್ಬರ ಕೈಕಾಲು ಹಿಡಿದು, "ಹುಡುಗ ಒಳ್ಳೆಯವ, ಬಾಯಿ ಮಾತ್ರ ಸ್ವಲ್ಪ" ಎಂದು ಹೇಳಿ, ನನ್ನನ್ನು ಕರೆಸಿಕೊಂಡರು. ಆ ಪರಿಚಯದವರೇ ನಮ್ಮ ಮೆನೇಜರು. ನಮ್ಮ ಕಡೆಯವರೇ. ಅವರ ಮನೆಮಾತು ಕೊಂಕಣಿ, ನನ್ನದು ತುಳು, ನಡುವೆ ಕನ್ನಡ. ಮೊದಲ ಆರು ತಿಂಗಳು ಪರೀಕ್ಷೆಯ ಅವಧಿ. ಕೊನೆಯಲ್ಲಿ ಮೆನೇಜರು ರಿಪೋರ್ಟ್ ಬರೆಯುತ್ತಾರೆ. 'ಬೇಕು' ಎಂದರೆ ಖಾಯಂ, 'ಬೇಡ' ಎಂದರೆ ಟಿಕೆಟು. "ಈ ಸಲ ವಾಪಸ್ ಹೋದ್ರೆ ನನ್ನ ಮುಖಕ್ಕೆ ಮಸಿ, ನಿನ್ನ ಅಕ್ಕನ ಮುಖಕ್ಕೂ," ಎಂದು ಭಾವ ಮೊದಲ ದಿನವೇ ಹೇಳಿದ್ದರು. ಆಗಲೂ ಗಂಟಲು ಸರಿಮಾಡಿಕೊಂಡೇ ಹೇಳಿದ್ದು.

ಐದು ತಿಂಗಳು ಸಂಭಾವಿತನಾಗಿದ್ದೆ. ಆರನೆಯ ತಿಂಗಳಲ್ಲಿ ಚಹಾ ಮಾಡುವ ಕೋಣೆಯಲ್ಲಿ ಕೆಟ್ಟೆ.

ನಮ್ಮ ಮೆನೇಜರು ನಡೆಯುವಾಗ ಬಲಗಾಲು ಸುಮ್ಮನೆ ಬರುತ್ತದೆ. ಎಡಗಾಲು ಒಂದು ಕ್ಷಣ ತಡೆದು, ಸ್ವಲ್ಪ ಹೊರಕ್ಕೆ ತಿರುಗಿ, ನೆಲಕ್ಕೆ ತಾಗಿದಾಗ 'ಕುಂಯ್ಕ್' ಎನ್ನುತ್ತದೆ. ಟಪ್, ಕುಂಯ್ಕ್. ಟಪ್, ಕುಂಯ್ಕ್. ಇಂಥ ನಡಿಗೆ ನನ್ನಂಥವನ ಎದುರು ದಿನಾ ಹಾದುಹೋಗುವುದೆಂದರೆ ಬೆಕ್ಕಿನ ಮುಂದೆ ಬಂಗುಡೆ ಮೀನು ಇಟ್ಟು ಕಾವಲಿಗೆ ಕೂರಿಸಿದ ಹಾಗೆ. ಚಹಾ ಕೋಣೆಯಲ್ಲಿ ಐದಾರು ಮಂದಿ ಇದ್ದರು. ನಾನು ಕಪ್ ಹಿಡಿದು ಫ್ರಿಜ್ಜಿನಿಂದ ಸಿಂಕಿನವರೆಗೆ ಅವರ ಹಾಗೆ ನಡೆದೆ, ಶಬ್ದವನ್ನು ಬಾಯಲ್ಲಿ ಮಾಡಿದೆ. ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ಒಟ್ಟಿಗೇ ನಿಲ್ಲಿಸಿದರು. ಒಟ್ಟಿಗೇ ನಿಂತ ನಗುವಿನ ಅರ್ಥ ನನಗೆ ಚಿಕ್ಕಂದಿನಿಂದ ಗೊತ್ತು. ತಿರುಗಿದರೆ ಬಾಗಿಲಲ್ಲಿ ಮೆನೇಜರು.

"ಚಾ ತಣಿತದೆ, ಕುಡೀರಿ," ಎಂದಷ್ಟೇ ಹೇಳಿ ತಮ್ಮ ಕಪ್ಪಿಗೆ ನೀರು ತುಂಬಿಸಿಕೊಂಡು ಹೋದರು. ಬೈದಿದ್ದರೆ ಆ ಬೈಗುಳವನ್ನೂ ಅಣಕಿಸಿ ಬದುಕಿಕೊಳ್ಳುತ್ತಿದ್ದೆ. ಆ ದಿನದಿಂದ ಅವರು ನನ್ನೊಡನೆ ಕಾಗದಪತ್ರದ ಮಾತು ಬಿಟ್ಟರೆ ಬೇರೆ ಆಡಲಿಲ್ಲ.

ಅದಾದ ಮೂರನೆಯ ವಾರ, ಗುರುವಾರ, ನನ್ನ ಶೂ ಸತ್ತಿತು. ಊರಿನಿಂದ ತಂದ ಜೋಡಿ. ಕಾರಿನಲ್ಲಿ ಹೋಗುವ ಕಾಲದಲ್ಲಿ ಹಗುರದ್ದೊಂದು ಹಾಕಿಕೊಂಡು, ಇದನ್ನು ಚಳಿಗಾಲಕ್ಕೆ ಇರಲಿ ಎಂದು ಬಾಲ್ಕನಿಯ ಕಪಾಟಿನಲ್ಲಿ ಇಟ್ಟಿದ್ದೆ. ಇಲ್ಲಿನ ಬೇಸಿಗೆಯಲ್ಲಿ ಶೂವನ್ನು ಮುಚ್ಚಿಡಬಾರದು, ಅಡಿಯ ಸೋಲ್ ಒಳಗೊಳಗೇ ಬೆಂದು ರಸ್ಕ್ ಆಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೇಲಿನಿಂದ ಮದುಮಗನ ಶೂವಿನಂತೆ ಹೊಳೆಯುತ್ತಿತ್ತು. ಎರಡು ವಾರ ನಡೆದದ್ದೇ ದೊಡ್ಡದು. ಆ ದಿನ ಆಫೀಸಿನ ಬಾಗಿಲಲ್ಲೇ ಅದು ಪುಡಿಯಾಗತೊಡಗಿತು. ನನಗೆ ತಿಳಿದದ್ದು ಸ್ವಚ್ಛತೆಯ ನೇಪಾಳಿಯಣ್ಣ ಮೊರದಂಥ ಪ್ಲಾಸ್ಟಿಕ್ಕಿನಲ್ಲಿ ಕಪ್ಪು ತುಂಡುಗಳನ್ನು ಗುಡಿಸುತ್ತಾ, ಒಂದೊಂದೇ ಹೆಜ್ಜೆ ಹಿಂಬಾಲಿಸಿ, ನನ್ನ ಮೇಜಿನವರೆಗೆ ಬಂದಾಗ.

"ಭಾಯ್, ಯೇ ಸಬ್ ಆಪ್ ಕಾ ಹೈ?"

ಹೌದು, ಅದೆಲ್ಲ ನನ್ನದೇ ಎಂದು ಒಪ್ಪಿಕೊಂಡೆ. ಅಷ್ಟರಲ್ಲಿ ಮೆನೇಜರು ಅದೇ ದಾರಿಯಲ್ಲಿ ಬಂದರು. ಟಪ್, ಕುಂಯ್ಕ್. ಪುಡಿಯನ್ನು ನೋಡಿದರು, ನನ್ನ ಕಾಲನ್ನು ನೋಡಿದರು.

"ಭಾನುವಾರ ಹತ್ತು ಗಂಟೆಗೆ ಕ್ಯಾಬಿನಿಗೆ ಬಾ. ನಿನ್ನ ಆರು ತಿಂಗಳು ಆಯ್ತಲ್ಲ." ಎರಡು ಹೆಜ್ಜೆ ಹೋಗಿ ತಿರುಗಿದರು. "ಒಂದು ಸರಿಯಾದ ಶೂ ಹಾಕಿಕೊಂಡು ಬಾ."

ಆ ಸಂಜೆ ಶೂವಿನ ಸೋಲಿಗೆ ಹಗ್ಗ ಕಟ್ಟಿಕೊಂಡು ಮನೆಗೆ ನಡೆದೆ. ನನ್ನನ್ನು ನಾನೇ ಅಣಕಿಸಲು ಒಳ್ಳೆಯ ಅವಕಾಶವಿತ್ತು. ಮನಸ್ಸಾಗಲಿಲ್ಲ.

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಸಂಜೆ ನಜ್ಮಾದ ಶೂ ಅಂಗಡಿಗೆ ಹೋದಾಗ ನನ್ನ ಜೊತೆ ಬಂದವರು ಕಾಕ. ಕಾಕ ನಮ್ಮ ರೂಮಿನ ಹಿರಿಯರು. ದಕ್ಷಿಣ ಕನ್ನಡದ ಬ್ಯಾರಿ ಮುಸ್ಲಿಮರು, ಅದೇ ಬೀದಿಯಲ್ಲಿ ಟೈಲರ್ ಅಂಗಡಿ, ಕತ್ತರಿ ಹಿಡಿದು ಮೂವತ್ತು ವರ್ಷ. ಶೂ ಅಂಗಡಿಯವರು ಮಲಯಾಳಿ, ಕಾಕನ ಗಿರಾಕಿ. ಮಾಲ್ ಕಡೆ ತಲೆ ಹಾಕುವ ಸ್ಥಿತಿ ನನ್ನದಾಗಿರಲಿಲ್ಲ.

ಮೊದಲು ಸಿಕ್ಕಿದ್ದು ಬಿಳಿ ಓಡುವ ಶೂ. ಕಾಲಿಗೆ ಹೂವಿನಂತಿತ್ತು. ಕಪ್ಪು ಪ್ಯಾಂಟಿನ ಕೆಳಗೆ ಎರಡು ಕೊಕ್ಕರೆ ನಿಂತ ಹಾಗೆ ಕಾಣುತ್ತಿತ್ತು. ಎರಡನೆಯದು ಒಳಗೆ ಉಣ್ಣೆ ಇದ್ದ ಬೂಟು. ಚಳಿಗೆ ಇದೇ ಸರಿ ಎಂದು ನನಗನಿಸಿತು.

"ಇದು ಹಾಕಿದ್ರೆ ಕಾಶ್ಮೀರಕ್ಕೆ ಹನಿಮೂನಿಗೆ ಹೊರಟ ಹಾಗೆ ಕಾಣ್ತದೆ," ಎಂದರು ಕಾಕ. "ಹೆಂಡತಿ ಎಲ್ಲಿ ಅಂತ ಕೇಳಿದ್ರೆ ಎಂತ ಹೇಳ್ತೀಯ?"

ಸೈಟಿನವರು ಹಾಕುವ ಕಬ್ಬಿಣದ ಮೂತಿಯ ಸೇಫ್ಟಿ ಶೂ ನೀರಿಗೂ ಮರಳಿಗೂ ಹೇಳಿ ಮಾಡಿಸಿದ ಹಾಗಿತ್ತು. ಹಾಕಿ ನಾಲ್ಕು ಹೆಜ್ಜೆ ನಡೆದರೆ ಕಾಲೆತ್ತಲು ಕ್ರೇನ್ ಬೇಕಾಯಿತು. ಚೂಪು ಮೂತಿಯ ಪೇಟೆಂಟ್ ಚರ್ಮದ್ದು ಮದುವೆಯ ಫೋಟೋಗ್ರಾಫರನಿಗೆ ಸರಿ. ಕೊನೆಗೆ ಒಂದು ಸಿಕ್ಕಿತು: ಕಪ್ಪು ಚರ್ಮ, ದಪ್ಪ ರಬ್ಬರ್ ಸೋಲ್, ಕಾಲಿನ ಗಂಟಿಗಿಂತ ಸ್ವಲ್ಪ ಕೆಳಗೆ ನಿಲ್ಲುವಂಥದ್ದು. ನೀರು ಹೋಗದು, ಗಾಳಿ ಹೋಗದು, ಮೇಲಿನಿಂದ ನೋಡಿದರೆ ಆಫೀಸಿನದ್ದು. ನನ್ನ ಕಾಲು ನಲವತ್ತೊಂದು. ಅದು ಇದ್ದದ್ದು ನಲವತ್ತಮೂರರಲ್ಲಿ ಮಾತ್ರ.

"ರಂಡ್ ಸೋಕ್ಸ್ ಇಟ್ಟಾ ಮದಿ," ಎಂದರು ಅಂಗಡಿಯವರು. ಎರಡು ಸಾಕ್ಸ್ ಹಾಕಿದರೆ ಸಾಕಂತೆ.

"ಎರಡಲ್ಲ, ಏಳು ಹಾಕಿದ್ರೂ ಒಳಗೆ ಇವನ ಕಾಲು ಬಾಡಿಗೆಗೆ ಇದ್ದ ಹಾಗೇ ಇರ್ತದೆ," ಎಂದರು ಕಾಕ. ಆಮೇಲೆ ನನ್ನ ಮುಖ ನೋಡಿದರು. ಆ ಮುಖದಲ್ಲಿ ಭಾನುವಾರ ಕಂಡಿರಬೇಕು. "ಆಯ್ತು ತಗೋ ಮೋನೆ, ಮಗಾ. ಮೂತಿಗೆ ನಾನು ಬಟ್ಟೆ ತುಂಬಿಸಿ ಕೊಡ್ತೇನೆ."

ಶನಿವಾರ ಮಧ್ಯಾಹ್ನ ಕಾಕ ಅಂಗಡಿಯಿಂದ ಕೋಟಿನ ಒಳಬಟ್ಟೆಯ ಚೂರುಗಳನ್ನು ತಂದು, ಮಂಚದ ಮೇಲೆ ಕೂತು, ಎರಡು ಸಣ್ಣ ದಿಂಬು ಹೊಲಿಯತೊಡಗಿದರು. ಅಂಚಿಗೆ ಅಡ್ಡಡ್ಡ ಹೊಲಿಗೆ, ಮೀನಿನ ಮುಳ್ಳಿನ ಹಾಗೆ. ಒಂದನ್ನು ಎಡ ಶೂವಿನೊಳಗೆ ಹಾಕಿ, "ನಡಿ ನೋಡುವಾ" ಎಂದರು. ನಡೆದೆ. ಎಡಗಾಲು ಸ್ವಲ್ಪ ತಡೆದು ಬಂತು. ನನಗೆ ಅಷ್ಟೇ ಸಾಕಿತ್ತು. ಎರಡನೆಯ ಸುತ್ತಿಗೆ ಸೊಂಟದ ಮೇಲೆ ಕೈಯಿಟ್ಟು, ಕಾಲು ಹೊರಕ್ಕೆ ತಿರುಗಿಸಿ, ಮೆನೇಜರ ದನಿ ತೆಗೆದೆ: "ಖಲಾಸ್. ಫೈಲ್ ಎಲ್ಲಿ? ಟಪ್, ಕುಂಯ್ಕ್."

ಕಾಕ ನಗಲಿಲ್ಲ. ಹಲ್ಲಿನಿಂದ ನೂಲು ಕತ್ತರಿಸಿದರು.

"ಅದಕ್ಕೆ ನಗಾಡ್ಬೇಡ."

"ಯಾಕೆ ಕಾಕ, ಮಾಡಿದ್ದು ಸರಿ ಬರಲಿಲ್ವಾ?"

"ಸರಿ ಬಂದದ್ದೇ ತೊಂದರೆ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮ ಮೆನೇಜರ ಶೂವಿಗೂ ನಾನೇ ತುಂಬಿಸಿ ಕೊಡುದು."

ಎತ್ತಿದ ಎಡಗಾಲು ಇಳಿಸದೆ ನಾನು ಒಂದು ಕಾಲ ಮೇಲೆ ನಿಂತೆ.

"ಎಡಗಾಲಿನಲ್ಲಿ ಮೂರು ಬೆರಳಿಲ್ಲ ಮಾರಾಯ. ಸಕ್ಕರೆ ಕಾಯಿಲೆ. ಹೋದ ವರ್ಷ ರಜೆಯಲ್ಲಿ ಊರಿಗೆ ಹೋಗಿ ತೆಗೆಸಿದ್ದು. ಇಲ್ಲಿ ಯಾರಿಗೂ ಗೊತ್ತಿಲ್ಲ. ಪ್ಯಾಂಟು ಎಡಗಡೆ ಮುಕ್ಕಾಲು ಇಂಚು ಉದ್ದ ಬಿಡ್ಬೇಕು, ಶೂ ಮುಚ್ಚುವ ಹಾಗೆ. ಮೂತಿಯೊಳಗೆ ಸ್ಪಂಜು. ಅದು ಬೆವರಿಗೆ ನೆನೆದು ಶಬ್ದ ಮಾಡುದು." ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡರು. "ನಾನು ಹೇಳ್ಬಾರ್ದಿತ್ತು. ಟೈಲರಿನವ ಗಿರಾಕಿಯ ಹೊಟ್ಟೆಯ ಅಳತೆ ಅವನ ಹೆಂಡತಿಗೂ ಹೇಳುದಿಲ್ಲ. ನೀನು ಬಾಯಿ ಬಿಟ್ರೆ ನನ್ನ ಮೂವತ್ತು ವರ್ಷ ಹೋಯ್ತು, ತಿಳೀತಾ?"

ತಿಳಿಯಿತು ಎಂದೆ. ಮೀನಿನ ಗಾಡಿಯ ಹಾರ್ನ್ ಕೂಡ ಬರಲಿಲ್ಲ ಗಂಟಲಿನಿಂದ.

ಆ ಸಂಜೆ ಮಳೆ ಬಂತು. ವರ್ಷಕ್ಕೆ ನಾಲ್ಕು ಸಲ ಬರುವ ಮಳೆಗೆ ಆ ಶನಿವಾರವೇ ಬೇಕಾಗಿತ್ತು.

ಭಾನುವಾರ ಬೆಳಿಗ್ಗೆ ಗಲ್ಲಿಗಳಲ್ಲಿ ನೀರು ನಿಂತಿತ್ತು. ಮೂಲೆಯಲ್ಲಿ ಟ್ಯಾಂಕರೊಂದು ದಪ್ಪ ಪೈಪು ಇಳಿಸಿ ರಸ್ತೆಯನ್ನು ಕುಡಿಯುತ್ತಿತ್ತು. ಹೊಸ ಶೂ ನೀರನ್ನು ಒಳಗೆ ಬಿಡಲಿಲ್ಲ, ನಿಜ. ಅದನ್ನು ಮೀರಿಸಿದ ಹೊಂಡವೊಂದು ಅರ್ಧ ದಾರಿಯಲ್ಲಿ ಕಾದಿತ್ತು. ನೀರು ಮೇಲಿನಿಂದ ಇಳಿಯಿತು, ಎಡಗಾಲಿಗೆ ಮಾತ್ರ. ಕಾಲು ಮೇಲೆತ್ತಿ ಸಾಕ್ಸ್ ಹಿಂಡಿದೆ. ದಿಂಬು ತೆಗೆದರೆ ಶೂ ಕಾಲಿನಲ್ಲಿ ನಿಲ್ಲುವುದಿಲ್ಲ. ಅದನ್ನೂ ಹಿಂಡಿ ವಾಪಸ್ ಹಾಕಿ ಹೆಜ್ಜೆಯಿಟ್ಟೆ.

ಟಪ್, ಕುಂಯ್ಕ್.

ನಿಂತೆ. ಇನ್ನೊಂದು ಹೆಜ್ಜೆ. ಕುಂಯ್ಕ್. ಹಿಮ್ಮಡಿಯ ಮೇಲೆ ನಡೆದೆ, ಕುಂಯ್ಕ್. ಪಕ್ಕಕ್ಕೆ ಒತ್ತಿ ನಡೆದೆ, ಕಾಲು ಉಜ್ಜಿ ನಡೆದೆ, ಕಳ್ಳನ ಹಾಗೆ, ಬಸುರಿಯ ಹಾಗೆ, ಪೊಲೀಸಿನ ಹಾಗೆ. ನನಗೆ ಗೊತ್ತಿದ್ದ ಎಲ್ಲರ ನಡಿಗೆಗಳನ್ನೂ ಆ ರಸ್ತೆಯ ಮೇಲೆ ಖರ್ಚು ಮಾಡಿದೆ. ಎಲ್ಲದರ ಕೆಳಗೂ ಮೆನೇಜರೇ ಕೂತಿದ್ದರು. ಕೊನೆಗೆ ನನ್ನ ಸ್ವಂತ ನಡಿಗೆಯಲ್ಲಿ ಹೋಗುವಾ ಅಂದುಕೊಂಡರೆ ಅದು ಹೇಗಿತ್ತು ಎಂದೇ ನೆನಪಾಗಲಿಲ್ಲ. ಕೈ ಎಷ್ಟು ಬೀಸುತ್ತಿದ್ದೆ, ಬೆನ್ನು ಬಗ್ಗಿಸುತ್ತಿದ್ದೆನೇ, ಏನೂ ತಿಳಿಯದೆ ರಸ್ತೆ ಬದಿಯಲ್ಲಿ ನಿಂತು ಅಳು ಬರುವ ಹಾಗಾಯಿತು. ತಡವಾದರೆ ಅದೂ ರಿಪೋರ್ಟಿಗೆ. ಹೊರಟೆ.

ಆಫೀಸಿನಲ್ಲಿ ಹತ್ತು ಗಂಟೆಯವರೆಗೆ ಕುರ್ಚಿಗೆ ಅಂಟಿಕೊಂಡಿದ್ದೆ, ಮೂತ್ರಕ್ಕೂ ಏಳದೆ. ಹತ್ತಕ್ಕೆ ಎದ್ದೆ. ಮೊದಲನೆಯ ಕುಂಯ್ಕಿಗೇ ಎರಡು ತಲೆ ಎತ್ತಿದವು. ಯಾರೋ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. 'ಇವತ್ತೂ ಬಿಡಲಿಲ್ಲ ನೋಡು ಇವನು' ಎಂಬಂಥ ನಗು. ಅಲ್ಲ ಮಾರಾಯರೇ, ಇದು ನಾನಲ್ಲ, ಶೂ ಎಂದು ಹೇಳಿದರೂ ನನ್ನ ಬಾಯಿಯಿಂದ ಬಂದರೆ ಯಾರು ನಂಬುತ್ತಾರೆ.

ಕ್ಯಾಬಿನಿನ ಬಾಗಿಲು ತಲುಪಿದಾಗ ನಾನು ಮಾಡಿದ್ದನ್ನು ನಮ್ಮ ಕಡೆಯವನು ಮಾತ್ರ ಮಾಡಿಯಾನು. ಊರಿನಲ್ಲಿ ಡಾಕ್ಟರರ ಕೋಣೆಗೂ ಒಳ್ಳೆಯ ಬಟ್ಟೆ ಅಂಗಡಿಗೂ ಜೋಡು ಹೊರಗೆ ಬಿಟ್ಟೇ ಹೋಗುವುದು. ಹೆದರಿದಾಗ ಕಾಲಿಗೆ ನೆನಪಾಗುವುದು ಅದೇ. ಎರಡೂ ಶೂ ಬಿಚ್ಚಿ, ಗೋಡೆಗೆ ಒತ್ತಿ ಜೋಡಿಸಿಟ್ಟು, ಒಂದು ಒದ್ದೆ ಸಾಕ್ಸ್ ಒಂದು ಒಣ ಸಾಕ್ಸಿನಲ್ಲಿ ಸದ್ದಿಲ್ಲದೆ ಒಳಗೆ ಹೋದೆ.

ಮೆನೇಜರು ಕಾಗದದಿಂದ ಮುಖ ಎತ್ತಿ ಬೆಚ್ಚಿದರು. "ಬಂದದ್ದೇ ಗೊತ್ತಾಗಲಿಲ್ಲ." ಮೇಜಿನಾಚೆ ಬಗ್ಗಿ ನೋಡಿದರು. "ಶೂ ಎಲ್ಲಿ?"

"ಹೊರಗೆ ಸರ್."

"ಇದೆಂತ ಡಾಕ್ಟರ ಶಾಪಾ? ಶೂ ಹಾಕಿಕೊಂಡು ಬಾ ಅಂತ ಹೇಳಿದ್ದೆ ನಾನು."

"ಅದು ಶಬ್ದ ಮಾಡ್ತದೆ ಸರ್."

ಆ ಮಾತು ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳುವ ಹಾಗಿರಲಿಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿದರು. "ಹಾಕಿಕೊಂಡು ಬಾ."

ಬಾಗಿಲಿನಿಂದ ಮೇಜಿಗೆ ಏಳು ಹೆಜ್ಜೆ. ಏಳರಲ್ಲಿ ನಾಲ್ಕು ಎಡಗಾಲಿನವು. ನಾನು ಕುತ್ತಿಗೆ ತಗ್ಗಿಸಿ ನಿಂತೆ.

"ಒಳಗೆ ಎಂತ ಹಾಕಿದ್ದೀ?"

"ಬಟ್ಟೆ, ಸರ್. ನಂಬರ್ ದೊಡ್ಡದಾಯ್ತು. ನನ್ನ ಸೈಜ್ ಇರಲಿಲ್ಲ."

"ತೆಗೆ, ನೋಡುವಾ."

ಒದ್ದೆ ದಿಂಬನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಅಂಚಿನ ಮೀನುಮುಳ್ಳಿನ ಹೊಲಿಗೆಯನ್ನು ಮಾತ್ರ ತುಂಬ ಹೊತ್ತು ನೋಡಿದರು.

"ಯಾರು ಹೊಲಿದದ್ದು?"

"ನಾನೇ ಸರ್."

"ನಿನಗೆ ಸೂಜಿಗೆ ನೂಲು ಹಾಕ್ಲಿಕ್ಕೆ ಬರ್ತದಾ?"

"ಸ್ವಲ್ಪ ಸ್ವಲ್ಪ." ಸುಳ್ಳು ಹೇಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸ ಉಂಟು. ಅವತ್ತು ಒಂದೊಂದು ಅಕ್ಷರವೂ ಬೇರೆಯವನ ಹಲ್ಲು ಕಟ್ಟಿಸಿಕೊಂಡ ಬಾಯಿಂದ ಬಂದ ಹಾಗೆ ಬಂತು. ಅವರು ಇನ್ನೊಮ್ಮೆ ಕೇಳಲಿಲ್ಲ. ಕೇಳಿದ್ದರೆ ನಾನು ಕೆಲಸ ಉಳಿಸಿಕೊಳ್ಳಲು ಕಾಕನ ಹೆಸರು ಹೇಳಿಬಿಡುತ್ತಿದ್ದೆನೋ ಏನೋ. ಆ ಭಯ ಇವತ್ತಿಗೂ ಹೋಗಿಲ್ಲ.

ಅವರು ಎದ್ದು ಬಾಗಿಲು ಹಾಕಿದರು.

"ಅವತ್ತು ಚಾ ರೂಮಿನಲ್ಲಿ ನಾನು ಕೊನೆಯ ಅರ್ಧ ಹೆಜ್ಜೆ ಮಾತ್ರ ನೋಡಿದ್ದು. ಪೂರ್ತಿ ತೋರಿಸು."

"ಸರ್, ತಪ್ಪಾಯ್ತು."

"ತಪ್ಪಿನ ಮಾತಲ್ಲ. ಕನ್ನಡಿಯಲ್ಲಿ ನಡೆದು ನೋಡ್ಲಿಕ್ಕೆ ಆಗುದಿಲ್ಲ. ತೋರಿಸು."

ನನ್ನನ್ನು ಎಷ್ಟೋ ಜನ 'ಒಮ್ಮೆ ಮಾಡಿ ತೋರಿಸೋ' ಎಂದು ಪೀಡಿಸಿದ್ದಾರೆ. ಒಬ್ಬರೂ ಹೀಗೆ ಕೇಳಿರಲಿಲ್ಲ. ಕಪಾಟಿನಿಂದ ಕಿಟಕಿಯವರೆಗೆ ನಡೆದೆ. ಸೊಂಟದ ಮೇಲೆ ಕೈ ಇಡಲಿಲ್ಲ, ದನಿ ತೆಗೆಯಲಿಲ್ಲ, ನಗು ಬರಿಸುವ ಒಂದು ಎಳೆಯನ್ನೂ ಸೇರಿಸಲಿಲ್ಲ. ಬಲಗಾಲು ಸುಮ್ಮನೆ, ಎಡಗಾಲು ತಡೆದು, ಹೊರಕ್ಕೆ. ಕಿಟಕಿಯ ಹತ್ತಿರ ತಿರುಗಿದಾಗ ಅವರ ಮುಖ ನೋಡಬೇಕಾಯಿತು.

"ಇಷ್ಟು ಗೊತ್ತಾಗ್ತದಾ?" ಎಂದು ಕೇಳಿದರು.

"ಇಲ್ಲ ಸರ್. ನಾನು ಜಾಸ್ತಿ ಮಾಡಿ ತೋರಿಸಿದ್ದು."

"ಹೌದಾ," ಎಂದರು. ನಂಬಿದ ಹಾಗೆ ಕೇಳಿಸಲಿಲ್ಲ. ಕುರ್ಚಿಯಲ್ಲಿ ಕೂತು, ಎದುರಿನ ಕಾಗದವನ್ನು ನನ್ನ ಕಡೆ ತಿರುಗಿಸಿದರು. ನನ್ನ ರಿಪೋರ್ಟ್. ಕೆಳಗೆ 'ಬೇಡ' ಎಂಬ ಚೌಕದಲ್ಲಿ ಗುರುತು, ಗುರುವಾರದ ತಾರೀಕು, ಸಹಿ. ಓದಿ ಮುಗಿಸುವವರೆಗೆ ಕಾದರು. ನನಗೆ ಅಕ್ಕನ ಮನೆಯ ಸೋಫಾ ಕಂಡಿತು, ಅದರಲ್ಲಿ ಭಾವ ಗಂಟಲು ಸರಿಮಾಡದೆ ಸುಮ್ಮನೆ ಕೂತಿರುವುದು ಕಂಡಿತು.

"ಇದನ್ನು ಹರೀಲಿಕ್ಕೆ ಆಗುದಿಲ್ಲ, ಕಂಪ್ಯೂಟರಿಗೆ ಹೋಗಿ ಆಗಿದೆ," ಎಂದರು. "ಮೂರು ತಿಂಗಳು ಮುಂದುವರಿಸಿ ಅಂತ ಒಂದು ಸಾಲು ಸೇರಿಸ್ತೇನೆ. ಎಚ್‌ಆರಿನವರು ಒಪ್ಪಿದ್ರೆ ಒಪ್ಪಿದ್ರು. ಆಮೇಲೆ ನೋಡುವಾ. ಭಾವನಿಗೆ ಖಾಯಂ ಆಯ್ತು ಅಂತ ಹೇಳ್ಬೇಡ, ಆಗಿಲ್ಲ."

"ಯೆಸ್ ಸರ್," ಎಂದೆ. ಹಾರ್ನ್ ಆಯಿತು. ಯಾರೂ ನಗಲಿಲ್ಲ.

ಎಚ್‌ಆರ್ ಕೋಣೆ ಮೊಗಸಾಲೆಯ ಆ ತುದಿಗೆ. ಕಾಗದ ಹಿಡಿದು ಅವರು ಮುಂದೆ, ನಾನು ಹಿಂದೆ. ಅವರ ಕುಂಯ್ಕ್ ಮುಗಿಯುವಾಗ ನನ್ನದು. ಹೆಜ್ಜೆ ಬದಲಿಸಿದೆ, ಎರಡೂ ಒಟ್ಟಿಗೇ ಬಂದವು. ಅದು ಇನ್ನೂ ಕೆಟ್ಟದ್ದು. ಎಲ್ಲ ಮೇಜುಗಳಿಂದ ತಲೆಗಳು ಎದ್ದವು. ಈ ಹುಡುಗನಿಗೆ ಮಂಡೆ ಸಮ ಇಲ್ಲ, ಅವರ ಬೆನ್ನ ಹಿಂದೆಯೇ ಮಾಡುತ್ತಿದ್ದಾನೆ ಎಂದು ಆ ಕಣ್ಣುಗಳು ಹೇಳಿದವು. ಮೆನೇಜರು ತಿರುಗಿ ನೋಡದೆ, "ಯಲ್ಲಾ, ಬೇಗ ಬಾ, ಅವರು ಮೀಟಿಂಗಿಗೆ ಹೋಗ್ತಾರೆ," ಎಂದರು.

ಮೂರು ತಿಂಗಳಿಗೆ ಒಪ್ಪಿದರು. ಅದರಲ್ಲಿ ಎರಡು ಮುಗಿದಿವೆ. ದಿಂಬು ಎಂದೋ ಒಣಗಿತು; ಆದರೆ ಒಮ್ಮೆ ನೆನೆದ ಬಟ್ಟೆ ಗಟ್ಟಿಯಾಗಿ ಶಬ್ದವನ್ನು ಬಿಟ್ಟುಕೊಟ್ಟಿಲ್ಲ. ಬಿಸಿಲು ಏರಿದೆ, ಈ ಶೂವಿನಲ್ಲಿ ಕಾಲು ಸಂಜೆಯ ಹೊತ್ತಿಗೆ ಬೇಯಿಸಿದ ಗೆಣಸಾಗುತ್ತದೆ. ಅಂಗಡಿಯವರು ನಲವತ್ತೊಂದು ಬಂದಿದೆ ಎಂದು ಎರಡು ಸಲ ಕಾಕನಲ್ಲಿ ಹೇಳಿ ಕಳಿಸಿದರು. ಬೇಡ ಎಂದಿದ್ದೇನೆ. ಈಗ ಮೊಗಸಾಲೆಯಲ್ಲಿ ಕುಂಯ್ಕ್ ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ, ಯಾರದೆಂದು ನೋಡುವುದಿಲ್ಲ. ನಾನು ಹೊಸ ಶೂ ಹಾಕಿದರೆ ಆ ಶಬ್ದ ಮತ್ತೆ ಒಬ್ಬರದೇ ಆಗುತ್ತದೆ. ಮೆನೇಜರು ಇದನ್ನು ಗಮನಿಸಿದ್ದಾರೋ ಇಲ್ಲವೋ, ಇನ್ನೂ ಅಣಕವೆಂದೇ ತಿಳಿದು ಪ್ರತಿ ದಿನ ಲೆಕ್ಕ ಇಡುತ್ತಿದ್ದಾರೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ. ಇನ್ನು ಒಂದು ತಿಂಗಳಿದೆ.